ನೀರು ಕಾದಿದೆ

ಎಡತೋಳು ತಿರುವಾಗಿದೆ, ಬಲದ್ದು ಸರಿಯಾಗಿ ಇಳಿಬಿದ್ದಿದೆ, ಎಡದ್ದು ಮಾತ್ರ ಒಳಗಿನದು ಹೊರಗಾಗಿ, ಹೊಲಿಗೆಯ ದಾರ ಕಾಣಿಸುತ್ತ, ಮಣಿಕಟ್ಟಿನ ಪಟ್ಟಿ ಒಳಗೆಲ್ಲೋ ಸಿಕ್ಕಿಕೊಂಡು, ಅಷ್ಟೆತ್ತರದಲ್ಲಿ ತೊಲೆಯ ಕೆಳಗೆ ಸುಮ್ಮನೆ ನೇತಾಡುತ್ತಿದೆ — ಬ್ರಿನ್‌ನ ಅಂಗಿ, ನೀಲಿ ಚೌಕಳಿಯದು, ಅವಸರದಲ್ಲಿ ಬಿಚ್ಚಿದ್ದಾನೆ, ಅವನಿಗೆ ಅವಸರ ಇಲ್ಲದ್ದು ಯಾವತ್ತು, ಆರು ವರ್ಷದವನಿದ್ದಾಗಲೂ ಹೀಗೇ, ತಲೆಯ ಮೇಲಿಂದ ಎಳೆದು ಬಿಸಾಕಿ ತೊರೆಗೆ ಓಡಿಬಿಡುತ್ತಿದ್ದ, ತಾಯಿ ಓಲ್ವೆನ್ ಬಟ್ಟೆ ಒಗೆಯುವ ದಿನ ಗೊಣಗುತ್ತಿದ್ದಳು, ನೋಡಿ ನಿಮ್ಮ ಮಗನ ಅಂಗೀನ, ಒಂದು ಕೈ ಮನೇಲಿ, ಒಂದು ಕೈ ಬೀದೀಲಿ, ಇವನ್ನ ಕಟ್ಕೊಳ್ಳೋಳು ನನಗೇ ಶಾಪ ಹಾಕ್ತಾಳೆ ಅಂತ. ಕಟ್ಟಿಕೊಂಡವಳು ಶಾಪ ಹಾಕಲಿಲ್ಲ, ನಕ್ಕಳು, ನೆರಿಡಾ ಎಲ್ಲದಕ್ಕೂ ನಗುವವಳು, ನಿನ್ನೆಯವರೆಗೆ. ಓಲ್ವೆನ್ ಈಗಿಲ್ಲ, ಇದನ್ನು ನೋಡಲಿಲ್ಲ, ಅಷ್ಟರಮಟ್ಟಿಗೆ ದೇವರು ಕಣ್ಣುಬಿಟ್ಟ. ಅಪ್ಪ ಎಮ್ಲಿನ್ ಬೆಂಚಿನ ಮೇಲೆ ಕೂತು ಕತ್ತೆತ್ತಿದ್ದಾನೆ, ಕತ್ತು ನೋಯುತ್ತಿದೆ, ಇಳಿಸಲು ಮನಸ್ಸಿಲ್ಲ. ಅದರ ಪಕ್ಕ ಇನ್ನೂ ಹತ್ತು ಜನರದ್ದು ನೇತಾಡುತ್ತಿವೆ, ಪ್ಯಾಂಟು, ಅಂಗಿ, ಬೂಟಿನ ಜೋಡಿ, ಒಬ್ಬನದು ಟೋಪಿ — ಗಣಿಯ ಸ್ನಾನದ ಮನೆಯಲ್ಲಿ ಗೂಡು ಬೀರು ಏನೂ ಇಲ್ಲ, ತೊಲೆಯಿಂದ ಇಳಿಬಿಟ್ಟ ಸರಪಳಿಗಳು, ತುದಿಗೊಂದು ಕೊಕ್ಕೆ, ಇಳಿಯುವ ಮೊದಲು ಮನೆಬಟ್ಟೆ ಬಿಚ್ಚಿ ಕೊಕ್ಕೆಗೆ ಸಿಕ್ಕಿಸಿ ಮೇಲೆಳೆದುಕೊಂಡು, ಸರಪಳಿಯನ್ನು ಗೋಡೆಯ ಗೂಟಕ್ಕೆ ಬಿಗಿದು ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು ಹೋಗುವುದು, ಬಾಯ್ಲರಿನ ಬಿಸಿ ಮೇಲೇರಿ ಬಟ್ಟೆ ಬೆಚ್ಚಗಿರುತ್ತದೆ, ಹತ್ತಿ ಬಂದವನಿಗೆ ಬೆಚ್ಚಗಿನ ಅಂಗಿ ಸಿಗುತ್ತದೆ. ಒಬ್ಬನ ಬಟ್ಟೆಯನ್ನು ಇನ್ನೊಬ್ಬ ಇಳಿಸಬಾರದು, ಇಳಿಸಿದರೆ ಅವನು ಹತ್ತಿ ಬರುವುದಿಲ್ಲ, ಕರನ್‌ಬಿಲ್ಲಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಹೊರಗೆ ಲಾರಿ ಗೊರಗುಟ್ಟುತ್ತಿದೆ, ಇನ್ನೊಂದು ಬಂತು, ಜೇಡಿಮಣ್ಣು ತುಂಬಿಕೊಂಡು, ಗೇರು ಬದಲಿಸಿ ಏರು ಹತ್ತುತ್ತಿದೆ, ಗಣಿಯ ಬಾಯಿಗೆ ಸುರುವುತ್ತಾರೆ ಈಗ, ಆ ಸದ್ದು ಕೇಳಬಾರದು ಅಂತಲೇ ಇಲ್ಲಿಗೆ ಬಂದದ್ದು, ಇಲ್ಲೂ ಕೇಳುತ್ತದೆ.

ಅಂದು ಬೆಳಿಗ್ಗೆ ಕೇಳಿದ್ದು ಸದ್ದಲ್ಲ, ಮೊದಲು ಸದ್ದಲ್ಲ, ನೆಲ ಒಮ್ಮೆ ಎದ್ದು ಕೂತ ಹಾಗೆ ಆಯಿತು, ಕೈಯಲ್ಲಿದ್ದ ಪೊರಕೆ ನಡುಗಿತು, ಆಮೇಲೆ ಸರಪಳಿಗಳೆಲ್ಲ ಒಟ್ಟಿಗೆ ಕಿಣಿಕಿಣಿ ಅಂದವು, ಖಾಲಿಯವು ಜೋರಾಗಿ, ಬಟ್ಟೆ ತೂಗಿದವು ಮೆಲ್ಲಗೆ, ಆಮೇಲೆ ಸದ್ದು, ಇಳಿಜಾರು ಸುರಂಗದ ಬಾಯಿಂದ, ಯಾರೋ ದೊಡ್ಡ ಬಾಗಿಲನ್ನು ಸಿಟ್ಟಿನಿಂದ ಹಾಕಿಕೊಂಡ ಹಾಗೆ. ಕಿಟಕಿಯಲ್ಲಿ ಹೊಗೆ ಕಂಡಿತು, ಕಪ್ಪಲ್ಲ, ಕಂದು, ಕಂದು ಹೊಗೆ ಕೆಟ್ಟದ್ದು. ನೀಲಗಿರಿ ಮರದ ಮೇಲಿದ್ದ ಮ್ಯಾಗ್‌ಪೈ ಹಕ್ಕಿಗಳು ಒಂದೂ ಕೂಗಲಿಲ್ಲ. ಎಮ್ಲಿನ್ ಪೊರಕೆಯನ್ನು ಗೋಡೆಗೆ ಒರಗಿಸಿ, ಜಾರಿ ಬೀಳದಂತೆ ಸರಿಯಾಗಿ ಒರಗಿಸಿ, ಆಮೇಲೆ ಓಡಿದ್ದು, ಅದು ಯಾಕೆ ಹಾಗೆ, ಮಗ ಒಳಗಿದ್ದಾನೆ ಅಂತ ಗೊತ್ತಿದ್ದೂ ಪೊರಕೆಯನ್ನು ಸರಿಯಾಗಿ ಒರಗಿಸುವ ಕೈ ಎಂಥದ್ದು, ಕೈಗೆ ಅದರದೇ ಬುದ್ಧಿ. ಈ ಕೈಯೇ ಹಾಗೆ, ಬಲಗೈ, ಕೊನೆಯ ಎರಡು ಬೆರಳಿಲ್ಲ, ಉಕ್ಕಿನ ಹಗ್ಗಕ್ಕೆ ಸಿಕ್ಕಿ ಹೋದದ್ದು, ಅದಾದ ಮೇಲೆ ಕಂಪನಿ ಕೆಳಗೆ ಬಿಡಲಿಲ್ಲ, ಸ್ನಾನದ ಮನೆ ನೋಡಿಕೋ ಅಂತು, ನೆಲ ತೊಳಿ, ಬಾಯ್ಲರು ಉರಿಸು, ಅಂದಿನಿಂದ ಎಮ್ಲಿನ್ ಪ್ರೈಸ್ ಅನ್ನುವ ಹೆಸರು ಸತ್ತು ಸೋಪು ಅಂತ ಆದ, ಹುಡುಗರು ಸೋಪು ಮಾಮ ಅನ್ನುತ್ತಾರೆ, ಏನ್ ಸೋಪು, ನೀರು ಕಾದಿದ್ಯೋ, ಇಲ್ಲ ನಿನ್ನ ಹೆಂಡ್ತಿ ಮಾಡೋ ಟೀ ಥರ ತಣ್ಣಗೋ, ನನ್ನ ಹೆಂಡ್ತಿ ಟೀ ಕುಡಿಯೋ ಯೋಗ್ಯತೆ ಇರೋ ಮುಖ ಮೊದಲು ತೊಳ್ಕೊಳೋ — ಹೀಗೆ. ಪಾಳಿ ಮುಗಿಯುವ ಹೊತ್ತಿಗೆ ಬಾಯ್ಲರಿನ ಹಿಂದೆ ಹೋಗಿ ಹಳೇ ಕೊಳವೆಗೆ ಬಡಿಯುವುದು, ಗಣಿಕುದುರೆಗಳ ಕಾಲದ ಕಬ್ಬಿಣದ ಕೊಳವೆ, ನೀರು ಹರಿದು ಯಾವ ಕಾಲವಾಯಿತೋ, ಆದರೆ ಇಳಿಜಾರು ಹಿಡಿದು ಒಳಗಿಳಿದು, ಕಲ್ಲಿದ್ದಲಿನ ಹಾದಿಗಳನ್ನೆಲ್ಲ ಸುತ್ತಿ, ಗುಡ್ಡದ ಆ ಮಗ್ಗುಲಲ್ಲಿ, ಒಳಗೆ ಗಾಳಿ ಹೋಗಲು ತೋಡಿದ ಗಾಳಿಬಾವಿಯ ಹತ್ತಿರ ಮತ್ತೆ ಮೇಲೇಳುತ್ತದೆ, ಈ ತುದಿಗೆ ಬಡಿದರೆ ಕೆಳಗಿನವರಿಗೆ ಕೇಳುತ್ತದೆ. ಒಂದು ಏಟು, ಸ್ವಲ್ಪ ತಡೆದು, ಎರಡು ಏಟು. ನೀರು ಕಾದಿದೆ, ಹತ್ತಿ ಬನ್ನಿ ಅಂತ. ಎಮ್ಲಿನ್‌ಗಿಂತ ಮೊದಲಿದ್ದವನೂ ಹಾಗೇ ಬಡಿಯುತ್ತಿದ್ದ, ಅವನಿಗಿಂತ ಮೊದಲಿನವನೂ, ಬೇರೆ ಗಣಿಯವರಿಗೆ ಇದು ಗೊತ್ತಿಲ್ಲ, ಸ್ನಾನದ ಬಡಿತ ಅಂದರೆ ಕರನ್‌ಬಿಲ್ಲಿಯವರದ್ದು ಮಾತ್ರ.

ಒಳಗಿದ್ದವರ ಮನೆಯವರಿಗೆ ಊರಿನ ಸಭಾಭವನದಲ್ಲಿ ಕುರ್ಚಿ ಹಾಕಿದ್ದರು, ಚರ್ಚಿನ ಹೆಂಗಸರು ದೊಡ್ಡ ಪಾತ್ರೆಯಲ್ಲಿ ಟೀ, ಕುಂಬಳಕಾಯಿ ಸ್ಕೋನು, ಬೀಫ್ ಸ್ಯಾಂಡ್‌ವಿಚ್ಚು, ತಿಂದವರಿಲ್ಲ, ತಟ್ಟೆಗಳು ಮಾತ್ರ ಕೈಯಿಂದ ಕೈಗೆ. ಮರುದಿನ ಬೆಳಗಾಗುವಷ್ಟರಲ್ಲಿ ಟಿವಿಯವರ ವ್ಯಾನುಗಳು ಆಟದ ಬಯಲು ತುಂಬ ನಿಂತಿದ್ದವು, ಹೆಲಿಕಾಪ್ಟರೊಂದು ಗೋಲುಕಂಬಗಳ ಮಧ್ಯೆ ಇಳಿಯಿತು, ಪಬ್ಬಿನ ಕೋಣೆಗಳನ್ನೆಲ್ಲ ಸಿಡ್ನಿಯ ಪತ್ರಿಕೆಯವರು ಹಿಡಿದರು, ಊರಿನ ಒಂದೇ ಟೆಲಿಫೋನ್ ಡಬ್ಬದ ಮುಂದೆ ಅವರದೇ ಸಾಲು. ಬೇಲಿಯ ಹತ್ತಿರ ಯಾವ ಹೆಂಗಸು ಹೋದರೂ ಕೇಳುವುದು ಒಂದೇ, ನಿಮಗೀಗ ಏನನ್ನಿಸ್ತಿದೆ. ನೆರಿಡಾಳನ್ನೂ ಕೇಳಿದರು, ನೆರಿಡಾ ಅಂದಳು, ಕಾಲು ನೋಯ್ತಿದೆ ಅನ್ನಿಸ್ತಿದೆ, ನಿಮ್ಮದೊಂದು ಕುರ್ಚಿ ಕೊಡಿ, ಮತ್ತೆ ಅವರು ನಿಜವಾಗಿ ಕುರ್ಚಿ ಕೊಟ್ಟರು, ಕೆಂಪು ಮಳೆಕೋಟಿನ ಹುಡುಗಿ, ಮಾರ್ಗೊ ಅಂತ, ಟಿವಿಯವಳು, ತಾನೇ ಹೊತ್ತು ತಂದಳು. ಮ್ಯಾನೇಜರ್ ಕಾರ್ಬೆಟ್ ವೇದಿಕೆ ಹತ್ತಿ, ಒಳಗೆ ಬೆಂಕಿ ಇದೆ, ಅನಿಲ ಏರ್ತಾ ಇದೆ, ಇಳಿಜಾರಿನ ಬಾಯಿ ಕುಸಿದಿದೆ, ಗಾಳಿಬಾವಿಯೊಂದೇ ದಾರಿ, ಆದರೆ ಇನ್ನೊಂದು ಸಲ ಸಿಡಿಯೋ ಸಾಧ್ಯತೆ ಇದೆ, ರಕ್ಷಣಾ ದಳದವರನ್ನ ಈಗ ಇಳಿಸೋದಕ್ಕೆ ಆಗ್ತಿಲ್ಲ ಅಂದ, ಎರಡೂ ಬಾಯಿ ಮುಚ್ಚಿ ಬೆಂಕಿಗೆ ಗಾಳಿ ತಪ್ಪಿಸೋ ವಿಚಾರ... ಅಂದು ಅಲ್ಲಿಗೇ ನಿಲ್ಲಿಸಿದ, ಮುಂದಕ್ಕೆ ಹೇಳಲಿಲ್ಲ, ಹೇಳಬೇಕಾಗಿರಲಿಲ್ಲ, ಗಾಳಿ ತಪ್ಪುವುದು ಬೆಂಕಿಗೊಂದಕ್ಕೇ ಅಲ್ಲ ಅಂತ ಅಲ್ಲಿದ್ದ ಎಲ್ಲರಿಗೂ ಗೊತ್ತು. ಹಿಂದಿನ ಸಾಲಿನಿಂದ ಆಲ್ಬಿ ಮಡ್ಜ್ ಎದ್ದು, ಅವನ ತಮ್ಮ ಒಳಗಿದ್ದಾನೆ, ಮುಚ್ಚೋಕೆ ಬರೋ ಮೊದಲ ಲಾರಿಗೆ ನಾನು ಅಡ್ಡ ಮಲಗ್ತೀನಿ ಕಾರ್ಬೆಟ್, ನನ್ನ ಮೇಲೆ ಹತ್ತಿಸ್ಕೊಂಡು ಹೋಗು ಅಂದ, ಜೋರಾಗಿ ಅಲ್ಲ, ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುವ ದನಿಯಲ್ಲಿ. ರಾಸ್ ಟಲ್ಲೊಕ್ ಬಾಗಿಲಲ್ಲಿ ನಿಂತಿದ್ದ, ರಕ್ಷಣಾ ದಳದ ಮುಖ್ಯಸ್ಥ, ಬ್ರಿನ್‌ನ ಜೊತೆ ಒಂದೇ ಬೆಂಚಿನಲ್ಲಿ ಓದಿ ಒಟ್ಟಿಗೆ ಫೇಲಾದವನು, ಮದುವೆಯಲ್ಲಿ ಉಂಗುರ ಹಿಡಿದು ನಿಂತವನು, ಎಮ್ಲಿನ್ ಕಡೆ ನೋಡಿ ತಲೆ ತಗ್ಗಿಸಿದ, ಒಂದು ಸದ್ದು ಸಾಕು ಮಾಮ, ಒಳಗಿಂದ ಒಂದು ಸದ್ದು ಬಂದ್ರೆ ಸಾಕು, ನನ್ನ ಹುಡುಗರನ್ನ ಕರ್ಕೊಂಡು ಇಳೀತೀನಿ, ಯಾರು ತಡೀತಾರೋ ನೋಡ್ತೀನಿ.

ಒಂದು ಸದ್ದು — ಲಾರಿ ನಿಂತಿತು, ಹಿಂಬಾಗಿಲು ಕಳಚಿಕೊಂಡಿತು, ಜೇಡಿ ಜಾರುತ್ತಿದೆ, ಹಸಿ ಜೇಡಿ, ತೊರೆಯ ದಡದ್ದು, ಅಲ್ಲೇ ಬ್ರಿನ್ ಈಜು ಕಲಿತದ್ದು, ಒಂದು ತೋಳು ತಿರುವಾದ ಅಂಗಿ ದಡದಲ್ಲಿ ಬಿದ್ದಿರುತ್ತಿತ್ತು, ಅದನ್ನು ನೋಡಿದರೆ ಸಾಕು, ಹುಡುಗ ನೀರಲ್ಲಿದ್ದಾನೆ ಅಂತ ಗೊತ್ತಾಗುತ್ತಿತ್ತು, ಹೆಸರು ಕೂಗುವ ಕೆಲಸವಿಲ್ಲ, ಕೂತು ಕಾದರೆ ಬರುತ್ತಾನೆ. ಆವತ್ತು, ಮನೆಗೆ ಹೋಗಿ ಸ್ವಲ್ಪ ಒರಗು ಅಂತ ಸಭಾಭವನದಿಂದ ಕಳಿಸಿದರು, ನೆರಿಡಾ ಕಳಿಸಿದಳು, ಅಪ್ಪಾ ನಿನ್ನ ಮುಖ ನೋಡಿದ್ರೆ ನನಗೇ ಭಯ ಆಗತ್ತೆ ಹೋಗು, ಹೊರಟದ್ದು ಮನೆಗೇ, ಕಾಲು ಇಲ್ಲಿಗೆ ತಂದವು, ಕಾಲಿಗೂ ಅದರದೇ ಬುದ್ಧಿ. ಯಾರೂ ಇರಲಿಲ್ಲ. ಪೊರಕೆ ಒರಗಿಸಿದ ಹಾಗೇ ಇತ್ತು. ನೆಲ ಗುಡಿಸಿದ, ಬೂದಿ ತೆಗೆದ, ಬಾಯ್ಲರು ಹೊತ್ತಿಸಿದ, ಮಧ್ಯಾಹ್ನದ ಬಿಸಿಲು ಕಿಟಕಿಯ ಪಟ್ಟಿಗಳಿಂದ ಓರೆಯಾಗಿ ಬಿದ್ದಿತ್ತು, ಮೇಲೆ ಅಂಗಿ, ತೋಳು, ಈ ತೋಳನ್ನು ಆಗಲೇ ನೋಡಿದ್ದು, ಸರಿಮಾಡಬೇಕು ಅನ್ನಿಸಿದ್ದು, ಬೀಗದ ಕೈ ಅವನ ಕೊರಳಲ್ಲಿ. ನೀರು ಕಾಯಿತು. ಆಮೇಲೆ ಬಾಯ್ಲರಿನ ಹಿಂದೆ ಹೋದದ್ದು, ಸ್ಪ್ಯಾನರು ತೆಗೆದುಕೊಂಡದ್ದು, ಅದು ನೆನಪಿದೆಯೇ ಅಂದರೆ ಇದೆ, ಇಲ್ಲ ಅಂದರೆ ಇಲ್ಲ, ಬೆಳಿಗ್ಗೆ ಷರಟಿನ ಗುಂಡಿ ಹಾಕಿಕೊಂಡದ್ದು ಯಾರಿಗೆ ನೆನಪಿರುತ್ತದೆ, ಹಾಕಿದೆ ಅನ್ನುವುದಕ್ಕೆ ಗುಂಡಿಯೇ ಸಾಕ್ಷಿ. ಬೆಂಚಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿತು. ಎಬ್ಬಿಸಿದ್ದು ನೆರಿಡಾ, ಓಡಿ ಬಂದಿದ್ದಳು, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ, ಎರಡೂ ಕೈಯಿಂದ ಅವನ ಮುಖ ಹಿಡಿದು, ಅಪ್ಪಾ, ಬಡೀತಿದಾರೆ, ಬದುಕಿದಾರೆ ಅಪ್ಪಾ, ಕೊಳವೆ ಬಡೀತಿದಾರೆ, ರಾಸ್ ಕಿವಿಯಾರೆ ಕೇಳಿದ, ಗಾಳಿಬಾವಿ ಹತ್ರ, ಒಂದು, ಆಮೇಲೆ ಎರಡು, ಸ್ನಾನದ ಬಡಿತ ಅಪ್ಪಾ, ನಿನ್ನ ಬಡಿತ. ಹಿಂದೆಯೇ ರಾಸ್‌ನ ಹುಡುಗರು, ಅಳುತ್ತ ನಗುತ್ತ, ಆ ಕಳ್ಳನನ್ಮಕ್ಕಳು ಬಿಸಿನೀರು ಕೇಳ್ತಿದಾರೆ ಸೋಪು ಮಾಮ, ಅಲ್ಲಾ, ಸತ್ತಿದಾರೆ ಅಂತ ಊರೆಲ್ಲ ಅಳ್ತಿದ್ರೆ ಇವರಿಗೆ ಸ್ನಾನದ ಚಿಂತೆ, ಬೇರೆ ಯಾರಿಗೆ ಗೊತ್ತು ಈ ಬಡಿತ, ಬಂಡೆ ಬಿರುಕು ಬಿಟ್ರೆ ಲೆಕ್ಕ ಇಟ್ಕೊಂಡು ಬಿಡತ್ತಾ, ಕೊಳವೆ ತಣ್ಣಗಾಗೋ ಸದ್ದು ಅಂತ ಕಾರ್ಬೆಟ್ ಅಂದ, ರಾಸ್ ಅವನ ಬಾಯಿ ಮುಚ್ಚಿಸಿದ, ತಣ್ಣಗಾಗೋ ಕೊಳವೆ ಸ್ನಾನಕ್ಕೆ ಕರೆಯತ್ತೇನ್ರೀ ಅಂತ. ಇಳಿಜಾರಿನ ಬಾಯಿ ಕುಸಿದಾಗ ಕೊಳವೆಯೂ ಅಲ್ಲೇ ಮುರಿದಿರಬೇಕು, ಈ ಕಡೆಯ ತುದಿ ಸತ್ತಂತೆ, ಬಡಿದರೆ ಒಳಗಿನವರೇ ಬಡಿಯಬೇಕು, ಎಲ್ಲರ ಲೆಕ್ಕವೂ ಅದೇ. ಎಮ್ಲಿನ್‌ನದೂ ಅದೇ. ಅವನೂ ನಕ್ಕ, ನೆರಿಡಾಳನ್ನು ಎತ್ತಿಕೊಂಡ, ಈ ವಯಸ್ಸಿನಲ್ಲಿ ಎತ್ತಿಕೊಂಡ, ಬಾಯ್ಲರಿಗೆ ಇನ್ನಷ್ಟು ಕಲ್ಲಿದ್ದಲು ಹಾಕಿದ, ಹನ್ನೊಂದು ಜನಕ್ಕೂ ಹೊಸ ಸೋಪು ಇಟ್ಟ.

ಅಂದಿನ ಸಂಜೆ ಊರು ಊರಾಗಿತ್ತು, ಚರ್ಚಿನ ಗಂಟೆ, ಪಬ್ಬಿನಲ್ಲಿ ಬಿಟ್ಟಿ ಬಿಯರು, ಆಲ್ಬಿ ಮಡ್ಜ್ ಕಾರ್ಬೆಟ್‌ನ ಹೆಗಲಿಗೆ ಕೈ ಹಾಕಿ ಕೂತಿದ್ದ, ಟಿವಿಯಲ್ಲಿ ಕರನ್‌ಬಿಲ್ಲಿಯ ಪವಾಡ ಅಂತ ಬಂತು, ಬ್ರಿನ್‌ನ ಮದುವೆಯ ಫೋಟೋ ಬಂತು, ಅದರಲ್ಲಿ ಓಲ್ವೆನ್‌ಳ ಟೋಪಿಯ ಅಂಚು ಬಂತು. ಬೆಳಗಾದರೆ ರಾಸ್ ಮತ್ತು ಅವನ ನಾಲ್ವರು ಇಳಿಯುವುದು ಅಂತ ನಿರ್ಧಾರವಾಯಿತು, ಅನಿಲ ಇನ್ನೂ ಏರುತ್ತಲೇ ಇತ್ತು, ಆದರೆ ಬಡಿತ ಕೇಳಿದ ಮೇಲೆ ಇಳಿಯಬೇಡಿ ಅನ್ನುವ ಬಾಯಿ ಯಾರಿಗಿದೆ. ಬೆಳಿಗ್ಗೆ ಮಾರ್ಗೊ ಸ್ನಾನದ ಮನೆಗೆ ಬಂದಳು, ಕೆಂಪು ಕೋಟು, ಕ್ಯಾಮೆರಾದವನೊಬ್ಬ, ಸದ್ದು ಹಿಡಿಯುವ ಯಂತ್ರದವನೊಬ್ಬ, ಗಾಳಿಬಾವಿಯ ಹತ್ತಿರ ಕೊಳವೆಗೆ ಇವರದೇ ಮೈಕು ಕಟ್ಟಿದ್ದರಂತೆ, ಗುಡ್ಡದ ಮೇಲೆ ಅದಕ್ಕಿಂತ ಸೂಕ್ಷ್ಮ ಕಿವಿ ಇರಲಿಲ್ಲವಂತೆ. ಪ್ರೈಸ್ ಅವರೇ, ಆ ಬಡಿತ ನಿಮ್ಮದೇ ಅಂತ ಎಲ್ರೂ ಹೇಳ್ತಾರೆ, ಒಂದ್ಸಲ ಬಡಿದು ತೋರಿಸ್ತೀರಾ, ಅದಕ್ಕೆ ಮೊದಲು ಕೇಳಿ, ನಿಮ್ಮ ಮಗ ಬಡಿದದ್ದು ನೀವೇ ಇನ್ನೂ ಕೇಳಿಲ್ಲ ಅಲ್ವಾ, ಅಂದಳು, ಒಳ್ಳೆಯ ಮನಸ್ಸಿನಿಂದ ಅಂದಳು, ಉಡುಗೊರೆ ತಂದವಳ ಹಾಗೆ. ಯಂತ್ರ ತಿರುಗಿತು. ಸುಯ್ ಅನ್ನುವ ಗಾಳಿ. ಠಣ್. ತಡೆ. ಠಣ್ ಠಣ್. ಆಮೇಲೆ ಒಂದು ಸಣ್ಣ ಟಿಣ್. ಇನ್ನೊಮ್ಮೆ ಹಾಕಮ್ಮ ಅಂದ ಎಮ್ಲಿನ್. ಠಣ್. ಠಣ್ ಠಣ್. ಟಿಣ್. ಆ ಕೊನೇದು ಏನೋ ಗದ್ದಲ, ಬಿಡಿ ಅಂದ ಯಂತ್ರದವನು. ಗದ್ದಲವಲ್ಲ. ಎರಡು ಬೆರಳಿಲ್ಲದ ಕೈಯಲ್ಲಿ ಭಾರದ ಸ್ಪ್ಯಾನರು ನಿಲ್ಲುವುದಿಲ್ಲ, ಮೂರನೆಯ ಏಟಿಗೆ ಹಿಡಿತದಲ್ಲಿ ಹೊರಳಿ ಅದರ ಹಿಂದಿನ ತುದಿ ಕೊಳವೆಗೆ ತಾಗುತ್ತದೆ, ಯಾವತ್ತೂ ತಾಗುತ್ತದೆ, ಬಡಿತಕ್ಕೊಂದು ಬಾಲ, ಕೆಳಗಿನವರಿಗೆ ಅದು ಕೇಳುವಷ್ಟಿಲ್ಲ, ಪಕ್ಕದಲ್ಲಿ ನಿಂತವರಿಗೆ ಮಾತ್ರ. ಕೈ ನೋಡಿಕೊಂಡ. ಕೈ ತನಗೇನೂ ಗೊತ್ತಿಲ್ಲ ಅನ್ನುವ ಹಾಗೆ ತೊಡೆಯ ಮೇಲೆ ಕೂತಿತ್ತು.

ಇಲ್ಲ, ತಾಳು, ಇಲ್ಲ — ಬ್ರಿನ್ ಆ ಬಾಲವನ್ನು ಅಣಕಿಸುತ್ತಿದ್ದ, ಚಿಕ್ಕವನಿದ್ದಾಗ ಬಾಯ್ಲರಿನ ಹತ್ತಿರ ಬಂದು ನಿಂತಿರುತ್ತಿದ್ದ, ಊಟದ ಮೇಜಿನ ಮೇಲೆ ಚಮಚದಿಂದ ಬಡಿಯುತ್ತಿದ್ದ, ಠಣ್, ಠಣ್ ಠಣ್, ಮತ್ತೆ ಬಾಯಲ್ಲಿ ಟಿಣ್, ಓಲ್ವೆನ್ ಗದರುತ್ತಿದ್ದಳು, ಅಪ್ಪನ ಬೆರಳು ಹೋದದ್ದು ನಿನಗೆ ಆಟಾನಾ, ನಗುತ್ತಿದ್ದದ್ದು ಅವನಲ್ಲ, ಎಮ್ಲಿನ್. ಹಾಗಾದರೆ ಅವನೇ ಇರಬಹುದಲ್ಲ, ಕತ್ತಲಲ್ಲಿ ಕೂತು, ಅಪ್ಪನಿಗೆ ಗೊತ್ತಾಗಲಿ ಅಂತ, ಬೇರೆ ಯಾರಿಗೂ ಅಲ್ಲ ಅಪ್ಪನಿಗೆ, ಬಾಲ ಸೇರಿಸಿ, ಇರಬಹುದು, ಯಾಕಿರಬಾರದು, ಸುಮ್ಮನಿದ್ದುಬಿಡು ಮುದುಕಾ, ಇನ್ನು ಸ್ವಲ್ಪ ಹೊತ್ತು, ಅವರು ಇಳಿಯಲಿ, ಇಳಿದು ನೋಡಲಿ. ಕಿಟಕಿಯಲ್ಲಿ ಗುಡ್ಡ ಕಾಣುತ್ತದೆ, ಗಾಳಿಬಾವಿಯ ಹತ್ತಿರ ಬೇಲಿ, ಬೇಲಿಯ ಮೇಲೆ ರಾಸ್‌ನ ಎರಡು ಹೆಣ್ಣುಮಕ್ಕಳು ಹಕ್ಕಿಗಳ ಹಾಗೆ ಹತ್ತಿ ಕೂತಿದ್ದಾರೆ, ಅಪ್ಪ ಬೆನ್ನಿಗೆ ಆಮ್ಲಜನಕದ ಡಬ್ಬ ಕಟ್ಟಿಕೊಳ್ಳುವುದನ್ನು ನೋಡುತ್ತ, ಚಿಕ್ಕವಳು ಕಾಲು ಆಡಿಸುತ್ತಿದ್ದಾಳೆ. ಅವಳು ಕಾಲು ಆಡಿಸದೆ ಸುಮ್ಮನೆ ಕೂತಿದ್ದರೆ ಇವನು ಏಳುತ್ತಿದ್ದನೋ ಇಲ್ಲವೋ. ಎದ್ದ. ಪ್ರೈಸ್ ಅವರೇ, ಬಡಿಯೋದು ಅಂದಳು ಮಾರ್ಗೊ, ಅವನು ನಡೆಯುತ್ತಿದ್ದ, ಅವಳು ಹಿಂದೆ, ಕ್ಯಾಮೆರಾ ಅವಳ ಹಿಂದೆ, ತೊರೆಯ ಹಲಗೆ ದಾಟಿ ಏರು ಹತ್ತುವಾಗ ಜನ ಬೆನ್ನು ತಟ್ಟಿದರು, ಆಲ್ಬಿ ತನ್ನ ಬಿಯರು ಚಾಚಿದ, ಒಂದು ಗುಟುಕು ಹಾಕು ಸೋಪು, ಇವತ್ತು ಮಗನ್ನ ನೀನೇ ಉಜ್ಜಿ ತೊಳೀಬೇಕು. ನೆರಿಡಾ ರಾಸ್‌ನ ಹತ್ತಿರವೇ ನಿಂತಿದ್ದಳು, ಕೈಯಲ್ಲಿ ಬ್ರಿನ್‌ನ ಬೇರೆ ಅಂಗಿ, ಇಸ್ತ್ರಿ ಮಾಡಿದ್ದು. ರಾಸ್, ಇಳೀಬೇಡ, ಅಂದ ಎಮ್ಲಿನ್. ಅದು ನಾನು. ನೀರು ಕಾಯ್ತು, ಕೈ ಬಡೀತು, ನನ್ನ ಗಮನಕ್ಕೇ ಬರಲಿಲ್ಲ. ಅದು ಬ್ರಿನ್ ಅಲ್ಲ, ನಾನು. ರಾಸ್ ಮುಖವಾಡವನ್ನು ಕೈಯಲ್ಲಿ ಹಿಡಿದು ನಿಂತ. ಆಮೇಲೆ ನೆರಿಡಾ ಅಂದಳು, ಮೆತ್ತಗೆ, ಹುಚ್ಚರಿಗೆ ಬುದ್ಧಿ ಹೇಳುವ ಹಾಗೆ, ಅಪ್ಪಾ ನೀನು ನಿದ್ದೆ ಮಾಡಿಲ್ಲ. ಕೊಳವೆ ಆ ಕಡೆ ಮುರಿದಿದೆ ಅಪ್ಪಾ, ನಿನ್ನ ಬಡಿತ ಇಲ್ಲಿಗೆ ಹೇಗೆ ಬರತ್ತೆ.

ಹೌದು, ಹೇಗೆ ಬರುತ್ತದೆ, ಅದನ್ನೇ ರಾಸ್ ಅಂದ, ಹೋಗಿ ಬಡಿ ಮಾಮ, ನಾನಿಲ್ಲಿ ಕೇಳ್ತೀನಿ, ಯಂತ್ರದೋನೂ ಕೇಳ್ತಾನೆ, ಬರದೇ ಇದ್ರೆ ಇಳೀತೀನಿ. ಮತ್ತೆ ಇಳಿಜಾರು, ಹಲಗೆ, ಸ್ನಾನದ ಮನೆ, ಈ ಸಲ ಒಬ್ಬನೇ, ಬಾಗಿಲು ಹಾಕಿಕೊಂಡ, ಬಾಯ್ಲರಿನ ಹಿಂದೆ ಸ್ಪ್ಯಾನರು ತೂಗುಹಾಕಿದ ಜಾಗದಲ್ಲೇ ಇತ್ತು, ತಾನೇ ತೂಗುಹಾಕಿದ್ದು, ಗುಂಡಿಯೇ ಸಾಕ್ಷಿ. ಬಡಿಯದಿದ್ದರೆ. ಬಡಿಯದೆ ಸುಮ್ಮನೆ ನಿಂತರೆ, ಬಡಿದೆ ಅಂತ ಹೇಳಿದರೆ, ಕೇಳಲಿಲ್ಲ ಅಂತ ಅವರು ಹೇಳುತ್ತಾರೆ, ಇಳಿಯುತ್ತಾರೆ, ಬ್ರಿನ್‌ನ ಹತ್ತಿರ ಹೋಗುತ್ತಾರೆ. ಮೆಲ್ಲಗೆ ಬಡಿದರೂ ಸಾಕು. ಎಡಗೈಯಲ್ಲಿ ಬಡಿದರೂ ಸಾಕು, ಬಾಲವಿರುವುದಿಲ್ಲ. ಸ್ಪ್ಯಾನರನ್ನು ಎಡಗೈಗೆ ತೆಗೆದುಕೊಂಡ, ಹೌದು ತೆಗೆದುಕೊಂಡ, ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಬೇಲಿಯ ಮೇಲೆ ಚಿಕ್ಕವಳ ಕಾಲು ಆಡುತ್ತಿತ್ತು. ಮತ್ತೆ ಬಲಗೈಗೆ. ಒಂದು. ತಡೆದ — ತಡೆಯುವುದು ಎಷ್ಟು ಹೊತ್ತು ಅಂತ ಕೈಗೆ ಗೊತ್ತು — ಎರಡು, ಟಿಣ್. ನೀರು ಕಾದಿದೆ ಬ್ರಿನ್, ಹತ್ತಿ ಬಾ. ಸ್ಪ್ಯಾನರು ಬಿಸುಟು ಕೊಳವೆಗೆ ಕಿವಿ ಒತ್ತಿದ, ಅವನಿದ್ದರೆ ಕೇಳಿರುತ್ತಾನೆ, ಕೇಳಿದರೆ ಬಡಿಯುತ್ತಾನೆ, ಬಾಲ ಸೇರಿಸಿ ಬಡಿಯುತ್ತಾನೆ, ಕಬ್ಬಿಣ ಕಿವಿಗೆ ತಣ್ಣಗೆ ಕೊರೆಯಿತು, ಒಳಗೆ ಎಲ್ಲೋ ಸಮುದ್ರದ ಹಾಗೆ, ಅದು ತನ್ನ ರಕ್ತವೇ ಇರಬೇಕು, ಕಿವಿ ಕೆಂಪಾಗುವವರೆಗೆ ಒತ್ತಿಕೊಂಡಿದ್ದ. ಬಾಗಿಲು ತೆರೆದದ್ದು ಯಂತ್ರದವನು, ಟೋಪಿ ಕೈಯಲ್ಲಿತ್ತು. ಅದೇ ಸದ್ದು ಯಜಮಾನ್ರೇ, ಬಾಲದ ಸಮೇತ, ಎರಡನ್ನೂ ಹಾಕಿ ಕೇಳಿದ್ವಿ, ಅಂದ. ಅವನ ಹಿಂದೆ ಮಾರ್ಗೊ ಕ್ಯಾಮೆರಾದವನ ತೋಳು ಹಿಡಿದು ಕೆಳಗೆ ಇಳಿಸುತ್ತಿದ್ದಳು, ಸಾಕು, ಇದು ಬೇಡ, ಇದು ಬೇಡ ಅಂದೆ. ಆದರೂ ಸಂಜೆ ಟಿವಿಯಲ್ಲಿ ಬಂತು, ಬೇರೆ ಯಾರದೋ ಕ್ಯಾಮೆರಾ, ಏರು ಹತ್ತುತ್ತಿರುವ ಒಬ್ಬ ಮುದುಕ, ಪವಾಡವಲ್ಲ, ಮುದುಕನೊಬ್ಬನ ಪ್ರಮಾದ ಅಂತ.

ರಾಸ್ ಇಳಿಯಲಿಲ್ಲ. ಡಬ್ಬ ಬಿಚ್ಚಿಟ್ಟು ಹುಲ್ಲಿನ ಮೇಲೆ ಕೂತು ಅತ್ತ, ಹೆಣ್ಣುಮಕ್ಕಳು ಬಂದು ಎರಡೂ ಪಕ್ಕ ನಿಂತವು, ಅಪ್ಪ ಅಳುವುದನ್ನು ಅವು ಹಿಂದೆ ನೋಡಿರಲಿಲ್ಲ. ಗಣಿಯ ಎರಡೂ ಬಾಯಿ ಮುಚ್ಚುವುದು ಅಂತ ಅಂದೇ ನಿರ್ಧಾರವಾಯಿತು. ರಾಸ್‌ನ ಹೆಂಡತಿ ಲೋರ್ನಾ ಇವತ್ತು ಬೆಳಿಗ್ಗೆ ಎಮ್ಲಿನ್‌ನ ಮನೆಯ ಮೆಟ್ಟಿಲ ಮೇಲೆ ತಾನೇ ಬೇಯಿಸಿದ ಪೈ ಒಂದನ್ನು ಇಟ್ಟು ಹೋಗಿದ್ದಳು, ಬಟ್ಟೆ ಮುಚ್ಚಿ, ಬಾಗಿಲು ತಟ್ಟಲಿಲ್ಲ. ಅದು ಅಲ್ಲೇ ಇದೆ. ಆಲ್ಬಿ ಮಡ್ಜ್ ಬೀದಿಯ ಆ ಕಡೆಯಿಂದ ಹೇಳಿದ, ನಿನ್ನ ಮಗನ ಮೇಲೆ ಮಣ್ಣು ಹಾಕೋಕೆ ನಿನಗೆ ಹಕ್ಕಿತ್ತು ಸೋಪು, ನನ್ನ ತಮ್ಮನ ಮೇಲೆ ಯಾರು ಕೊಟ್ರು. ಲಾರಿಗೆ ಅಡ್ಡ ಮಲಗುತ್ತೇನೆ ಅಂದವನು ಮಲಗಲಿಲ್ಲ, ಪಕ್ಕಕ್ಕೆ ಸರಿದು ನಿಂತು ಟೋಪಿ ತೆಗೆದ, ಅದನ್ನು ನೋಡುವುದು ಬೈಗುಳಕ್ಕಿಂತ ಕಷ್ಟವಾಯಿತು. ಮತ್ತೆ ನೆರಿಡಾ, ನೆರಿಡಾ ನಿನ್ನೆ ಅಡುಗೆಮನೆಯಲ್ಲಿ, ಇಸ್ತ್ರಿ ಮಾಡಿದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಮಡಿಸಿ, ಮತ್ತೆ ಹರಡಿ, ಅಪ್ಪಾ, ಅವನು ನನ್ನ ಮನೇಲೂ ಬಡೀತಿದ್ದ, ಚಮಚದಲ್ಲಿ, ಬಾಲ ಸೇರಿಸಿ, ಊಟಕ್ಕೆ ಕರೆಯೋಕೆ, ನಿನ್ನ ಸದ್ದೂ ಅವನ ಸದ್ದೂ ಒಂದೇ ಥರ ಇದ್ರೆ, ಒಂದು ನಿನ್ನದು ಅಂತ ಗೊತ್ತಾದ್ರೆ, ಇನ್ನೊಂದು ಅವನದಲ್ಲ ಅಂತ ಹೇಗೆ ಗೊತ್ತಾಯ್ತು. ನನಗೆ ಅಷ್ಟು ಹೇಳು ಸಾಕು. ಸಿಟ್ಟಿನಿಂದ ಕೇಳಿದ್ದಲ್ಲ, ಅವಳಿಗೆ ಉತ್ತರ ಬೇಕಿತ್ತು. ಗೊತ್ತಾಗಲಿಲ್ಲಮ್ಮ, ಅಂದ ಎಮ್ಲಿನ್. ಇನ್ನು ಗೊತ್ತಾಗುವುದೂ ಇಲ್ಲ. ಹಾಗಾದ್ರೆ ಸರಿ ಅಂದಳು ನೆರಿಡಾ, ಹಾಗಾದ್ರೆ ಸರಿ, ಅಂಗಿ ಎದೆಗೆ ಅವುಚಿಕೊಂಡು ಕೋಣೆಗೆ ಹೋದಳು, ಬಾಗಿಲನ್ನು ಸಿಟ್ಟಿನಿಂದ ಹಾಕಿಕೊಂಡಿದ್ದರೆ ಚೆನ್ನಾಗಿತ್ತು, ಸದ್ದಾಗದ ಹಾಗೆ ಹಾಕಿಕೊಂಡಳು.

ಇನ್ನೊಂದು ಲಾರಿ. ಇದು ಸಿಮೆಂಟಿನದು, ತಿರುಗುವ ಸದ್ದು ಬೇರೆ. ಬಟ್ಟೆ ಇಳಿಸಿ ಮನೆಯವರಿಗೆ ತಲುಪಿಸು ಅಂತ ಕಾರ್ಬೆಟ್ ಹೇಳಿ ಕಳಿಸಿದ್ದಾನೆ, ಬೀಗ ಕತ್ತರಿಸಲು ದೊಡ್ಡ ಇಕ್ಕಳವನ್ನೂ ಕಳಿಸಿದ್ದಾನೆ, ಅವನು ಬೇರೆ ಊರಿನವನು, ಇಳಿಸಬಾರದು ಅಂತ ಅವನಿಗೆ ಗೊತ್ತಿಲ್ಲ, ಇಕ್ಕಳ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದೆ, ಯಾರೋ ಭೇಟಿಗೆ ಬಂದವರ ಹಾಗೆ. ಬಿಸಿಲಿನ ಪಟ್ಟಿಗಳು ನೆಲದಿಂದ ಗೋಡೆಗೆ ಹತ್ತಿವೆ, ಪಾಳಿ ಮುಗಿಯುವ ಹೊತ್ತು, ಬೆಳಿಗ್ಗೆ ಹೊತ್ತಿಸಬಾರದು ಅಂದುಕೊಂಡೇ ಹೊತ್ತಿಸಿದ್ದ, ಬಾಯ್ಲರು ಗುಂಯ್ ಅನ್ನುತ್ತಿದೆ, ನೀರು ಕಾದಿದೆ. ಕೈ ತೊಡೆಯ ಮೇಲಿಂದ ಎದ್ದಿದೆ, ಮೂರು ಬೆರಳಿನ ಕೈ, ಬಾಯ್ಲರಿನ ಹಿಂದಕ್ಕೆ ಹೋಗಬೇಕು ಅನ್ನುತ್ತಿದೆ, ಇನ್ನೊಂದು ಕೈಯಿಂದ ಅದನ್ನು ಹಿಡಿದುಕೊಂಡಿದ್ದಾನೆ, ಗಟ್ಟಿಯಾಗಿ. ಬಡಿದರೆ ಕೆಳಗೆ ಕೇಳಿಸಿಕೊಳ್ಳುವವರು ಯಾರಾದರೂ ಇದ್ದರೆ ಹತ್ತಿ ಬನ್ನಿ ಅಂದ ಹಾಗಾಗುತ್ತದೆ, ಮುಚ್ಚಿದ ಬಾಯಿಯ ಕೆಳಗೆ ಬಂದು ನಿಲ್ಲುತ್ತಾರೆ. ಬಡಿಯದಿದ್ದರೆ, ಅಪ್ಪ ಇವತ್ತು ಯಾಕೆ ಬಡಿಯಲಿಲ್ಲ ಅನ್ನುತ್ತಾನೆ ಬ್ರಿನ್. ಯಾರೂ ಇಲ್ಲದಿದ್ದರೆ ಏನೂ ಇಲ್ಲ. ಕೈ ಹಿಡಿತದಲ್ಲಿ ಮಿಡುಕುತ್ತಿದೆ, ನೀರಿನಿಂದ ತೆಗೆದ ಮೀನಿನ ಹಾಗೆ, ಬಿಸಿಗಾಳಿ ಮೇಲೇರುತ್ತಿದೆ, ಸರಪಳಿಗಳು ಅಲುಗುವುದಿಲ್ಲ, ಬಟ್ಟೆಗಳು ಮಾತ್ರ ಒಂದಿಷ್ಟು, ಚೌಕಳಿ ಅಂಗಿ ಮೆಲ್ಲಗೆ ತಿರುಗುತ್ತಿದೆ, ಬೆನ್ನು, ಬಲದ ತೋಳು, ಎದೆ, ದಡದಲ್ಲಿ ಬಿದ್ದಿರುತ್ತಿತ್ತು, ಕೂತು ಕಾದರೆ ಬರುತ್ತಾನೆ, ಕೂತಿದ್ದಾನೆ, ಎಡದ ತೋಳು, ಒಳಗಿನದು ಹೊರಗೆ, ದಾರ ಕಾಣುತ್ತಿದೆ, ಸರಿಮಾಡಬೇಕು, ಎಡದ ತೋಳು